ನರ ಚಿಗುರುವ ಬಗೆ: ವೆರೋನಿಕಾ ರೊಡ್ರಿಗಸ್ ಅವರ ಸಂಶೋಧನೆಯ ಬಾಳು



ಕಡೂರು ಸೀಮೆಯ ದೇವನೂರೆಂದೊಡನೆ ಕನ್ನಡಿಗರ ನೆನಪಿಗೆ ಬರತಕ್ಕದ್ದು ಜೈಮಿನಿ ಭಾರತವನ್ನು ರಚಿಸಿದ ಲಕ್ಷ್ಮೀಶ ಕವಿಯ ಹೆಸರು. ಆ ಊರಿನವನಾದ ನನಗೆ, ಹಿರಿಯರು ವಾರ್ಧಕ ಷಟ್ಪದಿಯ ಪದ್ಯಗಳನ್ನು ರಾಗವಾಗಿ ಓದಿ ಅರ್ಥ ಹೇಳುತ್ತಿದ್ದುದನ್ನು ಕೇಳಿ ಬೆಳೆದುದೇ ಮೊದಲ ವಿದ್ಯಾಭ್ಯಾಸ. ಅಕ್ಷರ ಬಾರದ ವೃದ್ಧೆಯೊಬ್ಬಳು ಚಂದ್ರಹಾಸನ ಕಥೆಯ ಪದ್ಯಗಳನ್ನು ಒಂದಕ್ಷರವೂ ತಪ್ಪದಂತೆ ಒಪ್ಪಿಸುವುದನ್ನು ಕಂಡಾಗ, ಕಿವಿಯಿಂದ ಒಳಹೊಕ್ಕ ನಾದವನ್ನು ಅರ್ಥವಾಗಿಸಿ, ಅರ್ಥವನ್ನು ಸ್ಮೃತಿಯಾಗಿಸಿ, ಅರವತ್ತು ವರ್ಷ ಕಳೆದರೂ ಕೆಡದಂತೆ ಕಾಪಾಡತಕ್ಕ ಆ ಒಳಗಿನ ಅವಯವವು ಹೇಗೆ ನಿರ್ಮಾಣವಾಯಿತು, ಅದನ್ನು ಕಟ್ಟಿದವರಾರು ಎಂಬ ಪ್ರಶ್ನೆ ನನ್ನಲ್ಲಿ ಬಹುಕಾಲ ಉಳಿದಿತ್ತು. ಇಂದಿನ ಈ ಬಾನುಲಿ ಭಾಷಣದಲ್ಲಿ, ಅದೇ ಪ್ರಶ್ನೆಗೆ ತಮ್ಮ ಬಾಳನ್ನೇ ಸಲ್ಲಿಸಿದ, ಕೊನೆಯ ವರ್ಷಗಳಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ದುಡಿದ ಓರ್ವ ವಿದುಷಿಯ ಕಾರ್ಯವನ್ನು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ.

ಮೊದಲು ಪ್ರಶ್ನೆಯ ಗಾತ್ರವನ್ನು ತಿಳಿಯಬೇಕು. ಪ್ರಾಪ್ತವಯಸ್ಕನಾದ ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳುಂಟು. ಗರ್ಭಾಂಕುರದ ಕ್ಷಣದಲ್ಲಿ ಇವುಗಳಲ್ಲಿ ಒಂದೂ ಇರುವುದಿಲ್ಲ. ಇರುವುದೊಂದೇ ಕೋಶ, ಅದರೊಳಗೆ ತಂದೆತಾಯಿಗಳಿಂದ ಬಂದ ವಂಶವಾಹಿಗಳು. ಆ ಒಂದು ಎರಡಾಗಿ, ಎರಡು ನಾಲ್ಕಾಗಿ, ಬೆಳೆದು ಮಡಿಚಿ ನಳಿಕೆಯಾಗಿ, ನಳಿಕೆಯ ಗೋಡೆಯಿಂದ ನರಕೋಶಗಳು ಹುಟ್ಟಿ, ಒಂದೊಂದು ಕೋಶವೂ ತನ್ನೊಳಗಿನಿಂದ ಒಂದು ನೀಳವಾದ ತಂತುವನ್ನು ಹೊರಚಾಚಿ, ಕತ್ತಲೆಯಲ್ಲಿ ನಡೆದು, ತನಗೆ ಸಲ್ಲತಕ್ಕ ಜೊತೆಗಾರನನ್ನೇ ಹುಡುಕಿ ಕೂಡಿಕೊಳ್ಳುತ್ತದೆ. ಬೆನ್ನಹುರಿಯ ಬುಡದಿಂದ ಹೊರಟು ಪಾದವನ್ನು ಮುಟ್ಟುವ ತಂತುಗಳು ಬೆಳೆದ ಮನುಷ್ಯನಲ್ಲಿ ಒಂದು ಮೀಟರಿನಷ್ಟು ಉದ್ದವಿರುತ್ತವೆ. ಈ ತಂತುವಿನ ತುದಿಯಲ್ಲಿ ಸದಾ ತಡಕಾಡುವ ಒಂದು ಶಂಕುವಿನಾಕಾರದ ಅಂಗವಿದೆಯೆಂಬುದನ್ನು ಸ್ಪೇನ್ ದೇಶದ ಸ್ಯಾಂಟಿಯಾಗೊ ರಾಮೋನ್ ಇ ಕಹಾಲ್ ಅವರು 1890ರಲ್ಲಿಯೇ ಗುರುತಿಸಿದ್ದರು. ಜೀವಂತ ತಂತುವು ಬೆಳೆಯುತ್ತಿರುವುದನ್ನು ಕಪ್ಪೆಯ ಭ್ರೂಣದ ತುಣುಕೊಂದರಲ್ಲಿ ರಾಸ್ ಹ್ಯಾರಿಸನ್ ಎಂಬ ಅಮೆರಿಕದ ವಿಜ್ಞಾನಿ 1907ರಲ್ಲಿ ಕಂಡರು. ಇಟಲಿಯ ರೀಟಾ ಲೆವಿ-ಮೊಂಟಾಲ್ಚಿನಿಯವರು ಮಹಾಯುದ್ಧದ ದುರ್ದಿನಗಳಲ್ಲಿ ಮಲಗುವ ಕೋಣೆಯನ್ನೇ ಪ್ರಯೋಗಶಾಲೆಯಾಗಿಸಿಕೊಂಡು ಕೋಳಿಯ ಭ್ರೂಣದ ನರಗಳನ್ನು ಪರೀಕ್ಷಿಸಿದರು. ಮುಂದೆ ನರಗಳನ್ನು ಬೆಳೆಯಿಸುವ ದ್ರವ್ಯವನ್ನು ಕಂಡುಹಿಡಿದುದಕ್ಕಾಗಿ 1986ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಹೀಗೆ ನರ ಬೆಳೆಯುತ್ತದೆ ಎಂಬುದು ನಿಶ್ಚಿತವಾಯಿತು. ಅದು ದಾರಿಯನ್ನು ಅರಿಯುವ ಬಗೆ ಹೇಗೆ? ಎಷ್ಟು ಭಾಗ ಹುಟ್ಟಿನಿಂದ ಬಂದದ್ದು, ಎಷ್ಟು ಭಾಗ ನೆರೆಹೊರೆಯಿಂದ ಕಲಿತದ್ದು? ಮುಂದಿನ ತಲೆಮಾರಿಗೆ ಉಳಿದುಬಂದ ಪ್ರಶ್ನೆಗಳು ಇವು.

ಈ ಪ್ರಶ್ನೆಗಳನ್ನು ಭಾರತದ ನೆಲದಲ್ಲಿ ನಿಂತು ಎತ್ತಿಕೊಂಡವರಲ್ಲಿ ಡಾ. ವೆರೋನಿಕಾ ರೊಡ್ರಿಗಸ್ ಅವರು ಅಗ್ರಗಣ್ಯರು. ಅವರು ಹುಟ್ಟಿದುದು 1953ರಲ್ಲಿ, ಪೂರ್ವ ಆಫ್ರಿಕದ ಕೀನ್ಯಾದಲ್ಲಿ. ಮನೆತನದ ಮೂಲ ಗೋವೆ. ಉಗಾಂಡದ ಮಕೆರೆರೆ ವಿಶ್ವವಿದ್ಯಾನಿಲಯದಲ್ಲಿಯೂ ಅನಂತರ ಐರ್ಲೆಂಡಿನ ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಪದವಿ ಪಡೆದ ಆ ತರುಣಿ, ಯೂರೋಪಿನ ವಿದ್ಯಾಪೀಠಗಳು ಕೈಗೆಟುಕುವಷ್ಟು ಹತ್ತಿರವಿರುವಾಗಲೂ, ಸಂಶೋಧನೆಗೆಂದು ಆರಿಸಿಕೊಂಡುದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು, ಅಲ್ಲಿದ್ದ ಆಚಾರ್ಯ ಒಬೈದ್ ಸಿದ್ದೀಕಿಯವರ ಶಿಷ್ಯತ್ವವನ್ನು. ಸಿದ್ದೀಕಿಯವರು ಅಮೆರಿಕದಲ್ಲಿ ಸೀಮೋರ್ ಬೆಂಜ಼ರ್ ಅವರೊಡನೆ ಕೂಡಿ, ಬಿಸಿಯೇರಿದೊಡನೆ ನಿಶ್ಚೇಷ್ಟಿತವಾಗಿ ಬೀಳುವ ವಿಶೇಷ ತಳಿಯ ನೊಣಗಳನ್ನು ಪರೀಕ್ಷಿಸಿ, ಒಂದೊಂದು ವಂಶವಾಹಿಗೂ ನರದ ನಡವಳಿಕೆಗೂ ಇರುವ ನಂಟನ್ನು ತೋರಿಸಿದ್ದವರು. ಮುಂದೆ 1990ರ ದಶಕದ ಆದಿಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಸ್ಥಾಪಿಸಿದವರೂ ಅವರೇ.

ನೊಣವೆಂದೆನಷ್ಟೆ. ಕಡೂರಿನ ಸಂತೆಯಿಂದ ತಂದ ಬಾಳೆಗೊನೆ ಮಾಗಿ ಕಪ್ಪಾದಾಗ, ಹಲಸಿನ ತೊಳೆ ಎರಡು ದಿನ ಉಳಿದಾಗ, ಎಲ್ಲಿಂದಲೋ ಬಂದು ಮುತ್ತುವ ಕೆಂಗಣ್ಣಿನ ಸಣ್ಣ ಹಣ್ಣುನೊಣವನ್ನು ನೀವೆಲ್ಲರೂ ಬಲ್ಲಿರಿ. ಕೈಬೀಸಿ ಓಡಿಸಿಯೂ ಇದ್ದೀರಿ. ಅಮೆರಿಕದ ಥಾಮಸ್ ಹಂಟ್ ಮಾರ್ಗನ್ ಅವರು 1910ರಲ್ಲಿ ಬಿಳಿಗಣ್ಣಿನ ನೊಣವೊಂದನ್ನು ಕಂಡಂದಿನಿಂದ ಆನುವಂಶಿಕ ವಿಜ್ಞಾನಕ್ಕೆ ಈ ಜೀವಿಯೇ ಆಧಾರವಾಗಿದೆ. ಬೆಚ್ಚನೆಯ ಕೋಣೆಯಲ್ಲಿಟ್ಟರೆ ಮೊಟ್ಟೆಯಿಂದ ರೆಕ್ಕೆಯ ನೊಣವಾಗಲು ಇದಕ್ಕೆ ಸುಮಾರು 10 ದಿನ ಸಾಕು. ಒಬ್ಬ ವಿದ್ಯಾರ್ಥಿ ಒಂದು ವರ್ಷದಲ್ಲಿ ಇದರ ಮೂವತ್ತಕ್ಕೂ ಮೇಲ್ಪಟ್ಟ ತಲೆಮಾರುಗಳನ್ನು ಕಾಣಬಲ್ಲ. ಈ ವಿದ್ಯೆ ಕನ್ನಡನಾಡಿಗೆ ಹೊಸದೇನೂ ಅಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ. ಆರ್. ರಾಜಶೇಖರಶೆಟ್ಟರು ಮತ್ತು ಅವರ ಶಿಷ್ಯಪರಂಪರೆ ಈ ನೊಣಗಳ ಅಧ್ಯಯನವನ್ನು ಬೇರೂರಿಸಿದರು. ಶೆಟ್ಟರ ಹೆಸರನ್ನೇ ಹೊತ್ತ ಒಂದು ನೊಣದ ಜಾತಿಯೂ, ಮೈಸೂರಿನ ಹೆಸರನ್ನು ಹೊತ್ತ ಇನ್ನೊಂದು ಜಾತಿಯೂ ವಿಜ್ಞಾನದ ಪಟ್ಟಿಯಲ್ಲಿವೆ. ಮನುಷ್ಯರ ರೋಗಗಳಿಗೆ ಸಂಬಂಧಿಸಿದ ವಂಶವಾಹಿಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಈ ನೊಣದಲ್ಲಿ ಒಂದೊಂದು ಸಗೋತ್ರ ವಂಶವಾಹಿ ದೊರೆಯುತ್ತದೆಂಬುದನ್ನು ಅರಿತರೆ, ಪ್ರಾಜ್ಞರು ಇದರ ಬೆನ್ನು ಬಿದ್ದುದೇಕೆಂಬುದು ತಾನೇ ವಿಶದವಾಗುತ್ತದೆ.

ವೆರೋನಿಕಾ ಅವರು ಹಿಡಿದ ಮೊದಲ ಎಳೆ ಘ್ರಾಣ ಮತ್ತು ರುಚಿ. ಕವಲೊಡೆದ ಗಾಜಿನ ನಳಿಕೆಯೊಂದನ್ನು ಮಾಡಿ, ಒಂದು ಕವಲಿನಲ್ಲಿ ವಾಸನೆಯನ್ನೂ ಇನ್ನೊಂದರಲ್ಲಿ ಬರಿಯ ಗಾಳಿಯನ್ನೂ ಹಾಯಿಸಿ, ನೊಣಗಳು ಯಾವ ಕಡೆಗೆ ತಿರುಗುತ್ತವೆಂದು ನೋಡುವುದು. ಸಹಸ್ರಾರು ನೊಣಗಳ ನಡುವೆ, ಕಣ್ಣು ಕಾಲು ರೆಕ್ಕೆಗಳೆಲ್ಲ ಸರಿಯಿದ್ದೂ ಯಾವುದೋ ಒಂದು ವಾಸನೆಗೆ ಮಾತ್ರ ಓಗೊಡದ ತಳಿಯನ್ನು ಆರಿಸಿ ತೆಗೆಯುವುದು. ಅನಂತರ ಆ ಕೊರತೆಗೆ ಕಾರಣವಾದ ವಂಶವಾಹಿ ಎಲ್ಲಿದೆಯೆಂದು ಪತ್ತೆಹಚ್ಚುವುದು. ಇದು ಅವರ ವಿಧಾನ. ಕೆಟ್ಟುದರ ಮೂಲಕ ನೆಟ್ಟಗಿರುವುದರ ಮರ್ಮವನ್ನು ತಿಳಿಯುವ ಈ ಮಾರ್ಗದಲ್ಲಿ ಗುರುಶಿಷ್ಯರು 1978ರಲ್ಲಿ ಪ್ರಕಟಿಸಿದ ಪ್ರಬಂಧವು, ನೊಣದ ಘ್ರಾಣಶಕ್ತಿಯನ್ನು ಆನುವಂಶಿಕ ದೃಷ್ಟಿಯಿಂದ ವಿಶ್ಲೇಷಿಸಿದ ಆದ್ಯ ಪ್ರಯತ್ನಗಳಲ್ಲಿ ಒಂದು. ಸಸ್ತನಿಗಳಲ್ಲಿ ಗಂಧವನ್ನು ಗ್ರಹಿಸುವ ವಂಶವಾಹಿಗಳ ಮಹಾಕುಟುಂಬವನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರು ಕಂಡುಹಿಡಿದುದು 1991ರಲ್ಲಿ, ನೊಣದಲ್ಲಿ ಅಂಥವು ದೊರೆತುದು 1999ರಲ್ಲಿ ಎಂಬುದನ್ನು ನೆನೆದರೆ, ಮುಂಬಯಿಯ ಆ ಪ್ರಯೋಗಶಾಲೆ ಎಷ್ಟು ಮುಂಚಿತವಾಗಿ ಈ ಬಾಗಿಲನ್ನು ತಟ್ಟಿತ್ತೆಂಬುದು ಮನವರಿಕೆಯಾಗುತ್ತದೆ.

1981ರಲ್ಲಿ ಡಾಕ್ಟರೇಟ್ ಪದವಿ ಪಡೆದು, ಜರ್ಮನಿಯ ಟ್ಯೂಬಿಂಗೆನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಅವರು ಎರಿಕ್ ಬುಕ್ನರ್ ಅವರೊಡನೆ ಮಾಡಿದ ಪ್ರಯೋಗವು ಬಲು ಸೊಗಸಾದದ್ದು. ದುಡಿಯುವ ನರಕೋಶವು ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಸಕ್ಕರೆಯನ್ನು ಹೋಲುವ ವಿಕಿರಣಶೀಲ ದ್ರವ್ಯವನ್ನು ನೊಣಕ್ಕಿತ್ತು, ಅದಕ್ಕೆ ಒಂದು ನಿರ್ದಿಷ್ಟ ವಾಸನೆಯನ್ನು ಸೋಕಿಸಿದರೆ, ಮಿದುಳಿನ ಯಾವ ಭಾಗ ಎಚ್ಚರಗೊಂಡಿತೋ ಅಲ್ಲಿಯೇ ಆ ದ್ರವ್ಯ ನೆಲೆನಿಂತು ಗುರುತನ್ನು ಬಿಡುತ್ತದೆ. ನೊಣದ ಮೀಸೆಯಿಂದ ಬಂದ ನರಗಳು ಮಿದುಳಿನ ಮುಂಭಾಗದ ಒಂದು ಪಾಲಿಯಲ್ಲಿ ಸುಮಾರು 50 ಗುಂಡನೆಯ ಗಂಟುಗಳಾಗಿ ಕೂಡಿಕೊಂಡಿರುತ್ತವೆ. ಬೇರೆ ಬೇರೆ ವಾಸನೆಗಳು ಬೇರೆ ಬೇರೆ ಗಂಟುಗಳನ್ನು ಎಚ್ಚರಿಸುತ್ತವೆಂದು 1984ರಲ್ಲಿ ಪ್ರಕಟವಾದ ಆ ಕಾರ್ಯದಿಂದ ತೋರಿಬಂತು. ಒಂದು ಮಿಲಿಮೀಟರಿಗಿಂತ ಕಿರಿದಾದ ಮಿದುಳಿನೊಳಗೆ ವಾಸನೆಗಳ ಒಂದು ಭೂಪಟವೇ ಅಡಗಿತ್ತು.

ಭೂಪಟವುಂಟೆಂದು ತಿಳಿದ ಮೇಲೆ ಅದನ್ನು ಬರೆದವರಾರೆಂಬ ವಿಚಾರ ತಪ್ಪದು. ಇಲ್ಲಿಂದಲೇ ವೆರೋನಿಕಾ ಅವರು ಬೆಳವಣಿಗೆಯ ಶಾಸ್ತ್ರಕ್ಕೆ ಹೊರಳಿದರು. ಭಾರತಕ್ಕೆ ಮರಳಿ ಟಾಟಾ ಸಂಸ್ಥೆಯಲ್ಲಿ ಸ್ವಂತ ಪ್ರಯೋಗಶಾಲೆಯನ್ನು ಕಟ್ಟಿ, ಮುಂದೆ ಅಲ್ಲಿಯ ಜೀವವಿಜ್ಞಾನ ವಿಭಾಗದ ಅಧ್ಯಕ್ಷತೆಯನ್ನೂ ವಹಿಸಿದ ಅವರು, ಹುಳುವು ಗೂಡಿನ ಅವಸ್ಥೆಯಲ್ಲಿ ತನ್ನ ಹಳೆಯ ದೇಹವನ್ನು ಕಳಚಿ ಹೊಸದನ್ನು ಕಟ್ಟಿಕೊಳ್ಳುವ ಆ ಕೆಲವೇ ದಿನಗಳಲ್ಲಿ, ಮೀಸೆಯ ಸುಮಾರು 1,200 ಘ್ರಾಣಕೋಶಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ಗಂಟೆಗಂಟೆಗೂ ಹಿಂಬಾಲಿಸಿದರು. ನೊಣದ ಮೈಮೇಲಿನ ಸ್ಪರ್ಶದ ರೋಮಗಳಲ್ಲಿ, ಒಂದೇ ತಾಯಿಕೋಶ ಒಡೆದು ಅಂಗದ ಎಲ್ಲ ಭಾಗಗಳೂ ಆಗುತ್ತವೆಂದು ಆಗಲೇ ಗೊತ್ತಿತ್ತು; ಅಲ್ಲಿ ಕುಲವೇ ಸರ್ವಸ್ವ. ಘ್ರಾಣದ ಅಂಗಗಳಲ್ಲಿ ಹಾಗಲ್ಲವೆಂದೂ, ಮೊದಲು ಎದ್ದುನಿಂತ ಒಂದು ಕೋಶವು ತನ್ನ ನೆರೆಯ ಕೋಶಗಳನ್ನು ಸಂಜ್ಞೆಗಳಿಂದ ಕರೆದು ಜೊತೆಗೂಡಿಸಿಕೊಳ್ಳುತ್ತದೆಂದೂ, ಕುಲದೊಡನೆ ಸಹವಾಸವೂ ಸೇರಿ ಅಂಗ ರೂಪುಗೊಳ್ಳುತ್ತದೆಂದೂ 1997ರಲ್ಲಿ ಅವರೂ ಅವರ ವಿದ್ಯಾರ್ಥಿಗಳೂ ಸ್ಥಾಪಿಸಿದರು.

ಅದೇ ವರ್ಷ ಅವರ ಪ್ರಯೋಗಶಾಲೆ ಇನ್ನೊಂದು ಸಂಗತಿಯನ್ನು ಹೊರಗೆಡಹಿತು. ಏಟೋನಲ್ ಎಂಬ ವಂಶವಾಹಿ ಇಲ್ಲದಿದ್ದರೆ ಘ್ರಾಣರೋಮಗಳಲ್ಲಿ ಒಂದು ವರ್ಗ ಹುಟ್ಟುವುದೇ ಇಲ್ಲ. ಈ ಹೆಸರನ್ನು ತಾವು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಏಕೆಂದರೆ ಇದರ ಸಗೋತ್ರ ವಂಶವಾಹಿಯನ್ನು ತೆಗೆದುಹಾಕಿದ ಇಲಿಮರಿಗಳಲ್ಲಿ ಒಳಗಿವಿಯ ಶ್ರವಣಕೋಶಗಳು ಉಂಟಾಗುವುದಿಲ್ಲವೆಂದು 1999ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು, ಅದೇ ಗೋತ್ರದ ವಂಶವಾಹಿ ಮನುಷ್ಯನಲ್ಲಿಯೂ ಇದೆ. ಈಗ ಬಾನುಲಿಯಿಂದ ಹೊರಟ ನನ್ನ ಮಾತು ತಮ್ಮ ಕಿವಿಯಲ್ಲಿ ಶಬ್ದವಾಗಿ ಮೂಡುತ್ತಿರುವುದು ಅಂಥ ಶ್ರವಣಕೋಶಗಳ ಮೂಲಕವೇ. ನೊಣದ ಮೀಸೆಗೂ ನಮ್ಮ ಕಿವಿಗೂ ಇಂಥ ಬಾಂಧವ್ಯವಿದೆಯೆಂಬ ಅರಿವು, ಸಕಲ ಜೀವಿಗಳಲ್ಲಿ ಏಕತೆಯನ್ನು ಕಾಣಬೇಕೆಂದ ಹಿರಿಯರ ಮಾತಿಗೆ ಎಂತಹ ಪುಷ್ಟಿಯನ್ನು ಕೊಡುತ್ತದೆ!

ಇನ್ನು ತಂತುಗಳ ಪ್ರಯಾಣದ ವಿಷಯ. ಮೀಸೆಯಿಂದ ಹೊರಟ ನೂರಾರು ತಂತುಗಳು ಮಿದುಳಿನಲ್ಲಿ ತಂತಮ್ಮ ಗಂಟನ್ನು ತಲಪುವುದು ಹೇಗೆ? ಧನಿಷಾ ಝವೇರಿ ಮೊದಲಾದ ವಿದ್ಯಾರ್ಥಿಗಳೊಡನೆ 2000 ಮತ್ತು 2002ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ವೆರೋನಿಕಾ ಅವರು ಇದಕ್ಕೆ ಉತ್ತರವನ್ನಿತ್ತರು. ಏಟೋನಲ್ ವಂಶವಾಹಿಯಿಂದ ಹುಟ್ಟಿದ ನರಗಳು ಎಲ್ಲಕ್ಕಿಂತ ಮೊದಲು ಹೊರಟು ಮಿದುಳನ್ನು ಮುಟ್ಟುತ್ತವೆ. ಅವನ್ನು ಇಲ್ಲವಾಗಿಸಿದರೆ, ಸ್ವತಃ ಯಾವ ದೋಷವೂ ಇಲ್ಲದ ಉಳಿದ ನರಗಳೂ ದಾರಿಗೆಟ್ಟು ಗಂಟುಗಳನ್ನು ಕಟ್ಟಲಾರದೆ ಹೋಗುತ್ತವೆ. ನಮ್ಮ ಸೀಮೆಯ ರಾಗಿಯ ಹೊಲಗಳ ನಡುವೆ ಮೊದಲು ನಡೆದವರ ಹೆಜ್ಜೆಯಿಂದ ಕಾಲುದಾರಿ ಮೂಡಿ, ಅನಂತರ ಬಂದವರೆಲ್ಲರೂ ಅದನ್ನೇ ಅನುಸರಿಸುವಂತೆ, ಮುಂಗಾಮಿ ನರಗಳು ಹಿಂದಿನವುಗಳಿಗೆ ಮಾರ್ಗವಾಗುತ್ತವೆ. ಇದರ ಜೊತೆಗೆ, ನರಗಳ ನಡುವೆ ತುಂಬಿರುವ, ಬಹುಕಾಲ ಬರಿಯ ಅಂಟೆಂದು ಪಂಡಿತರು ಉಪೇಕ್ಷಿಸಿದ್ದ ಗ್ಲಿಯ ಕೋಶಗಳೂ ಈ ನಿರ್ಮಾಣದಲ್ಲಿ ಪಾಲುಗೊಳ್ಳುತ್ತವೆಂಬುದು ಅವರ ಕಾರ್ಯದಿಂದ ವ್ಯಕ್ತವಾಯಿತು.

ಮುಂದೆ ಅವರು ಬೆಂಗಳೂರಿಗೆ ಬಂದು ನೆಲಸಿದರು. ಕೃಷಿಮೇಳಕ್ಕೆಂದು ಹೆಬ್ಬಾಳದಾಚೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿಬರುವ ನಮ್ಮ ರೈತಬಂಧುಗಳು, ರಾಗಿ ತೊಗರಿಗಳ ಹೊಸ ತಳಿಗಳನ್ನು ನೋಡಿಕೊಂಡು ಹಿಂದಿರುಗುವರು. ಅದೇ ಆವರಣದಲ್ಲಿಯೇ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿದೆ. ಅಲ್ಲಿ ಕೆ. ವಿಜಯರಾಘವನ್ ಮೊದಲಾದವರ ಸಹಯೋಗದಲ್ಲಿ ಅವರ ಸಾಧನೆಯ ಅತ್ಯಂತ ಪಕ್ವವಾದ ಫಲಗಳು ದೊರೆತವು. 2010ರಲ್ಲಿ ಪ್ರಕಟವಾದ ಒಂದು ಕಾರ್ಯದಲ್ಲಿ ಅವರು ನೊಣದ ಮಿದುಳಿನ ಒಂದೇ ಒಂದು ನರಕೋಶವನ್ನು ಆರಿಸಿಕೊಂಡರು. ಸಿರೊಟೋನಿನ್ ಎಂಬ ರಾಸಾಯನಿಕವನ್ನು ಸ್ರವಿಸುವ ಆ ಕೋಶವು ಗೂಡಿನ ಅವಸ್ಥೆಯಲ್ಲಿ ಮೊದಲು ತನ್ನ ಕೊಂಬೆಗಳನ್ನು ಅತಿಶಯವಾಗಿ ಚಾಚುತ್ತದೆ. ಅನಂತರ ಮೀಸೆಯ ನರಗಳಿಂದ ಸುದ್ದಿ ಬರತೊಡಗಿದಾಗ ಬೇಕಾದುವನ್ನು ಉಳಿಸಿಕೊಂಡು ಮಿಕ್ಕುದನ್ನು ಹಿಂದೆಗೆದುಕೊಂಡು ತನ್ನ ಅಂತಿಮ ರೂಪವನ್ನು ಪಡೆಯುತ್ತದೆ. ಸುದ್ದಿ ಬಾರದಂತೆ ತಡೆದರೆ ಕೊಂಬೆಗಳು ಹಿಂಜರಿಯದೆ ಹಾಗೆಯೇ ಉಳಿದುಬಿಡುತ್ತವೆ. ವಿಂಟ್ ಎಂಬ ಸಂಜ್ಞಾಪದ್ಧತಿ ಈ ಸಂಕೋಚವನ್ನು ನಡೆಸುತ್ತದೆಂದು ಅವರು ತೋರಿಸಿದರು. ಬೆಳವಣಿಗೆಯೆಂದರೆ ಹೆಚ್ಚುವುದು ಮಾತ್ರವೆಂದು ತಿಳಿದ ನಮಗೆ, ತ್ಯಜಿಸುವುದೂ ಬೆಳವಣಿಗೆಯ ಅಂಗವೇ ಎಂದೂ, ಆ ತ್ಯಾಗಕ್ಕೆ ಇಂದ್ರಿಯದಿಂದ ಬರುವ ಸುದ್ದಿಯೇ ಪ್ರೇರಕವೆಂದೂ ಈ ಒಂಟಿ ಕೋಶ ಬೋಧಿಸುತ್ತದೆ.

ಅದೇ ವರ್ಷ, 2010ರ ನವೆಂಬರಿನಲ್ಲಿ, ಕೆಲಕಾಲದಿಂದ ಬಾಧಿಸುತ್ತಿದ್ದ ಅರ್ಬುದರೋಗದಿಂದ ವೆರೋನಿಕಾ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ ವಯಸ್ಸು ಐವತ್ತೇಳರ ಆಸುಪಾಸು. ಅವರು ಗತಿಸಿದ ಮರುವರ್ಷ, ಮಣಿ ರಾಮಸ್ವಾಮಿಯವರೇ ಮೊದಲಾದವರೊಡನೆ ಅವರು ಪಾಲುಗೊಂಡಿದ್ದ ಇನ್ನೊಂದು ಕಾರ್ಯ ಪ್ರಕಟವಾಯಿತು. ಒಂದೇ ವಾಸನೆಯನ್ನು ಬಹುಹೊತ್ತು ಸೋಕಿಸಿದರೆ ನೊಣವು ಅದಕ್ಕೆ ಒಗ್ಗಿಹೋಗಿ ಲಕ್ಷ್ಯ ಕೊಡದಾಗುತ್ತದೆ. ಧೂಪದ ಕೋಣೆಯಲ್ಲಿ ಕುಳಿತವರಿಗೆ ಸ್ವಲ್ಪ ಹೊತ್ತಿನ ಮೇಲೆ ಧೂಪ ತಿಳಿಯದಾಗುವುದೂ ಇದೇ ಬಗೆಯ ಒಗ್ಗುವಿಕೆ. ನರ ದಣಿದುದರಿಂದ ಹೀಗಾಗುವುದಿಲ್ಲವೆಂದೂ, ತಡೆಯೊಡ್ಡುವ ಸ್ಥಳೀಯ ನರಕೋಶಗಳು ಬಲಗೊಂಡು ಆ ಸುದ್ದಿಯನ್ನು ತಗ್ಗಿಸುತ್ತವೆಂದೂ, ನಾಲ್ಕು ದಿನಗಳ ಅನುಭವದಿಂದ ಆ ವಾಸನೆಗೆ ಸಂಬಂಧಿಸಿದ ಗಂಟಿನ ಗಾತ್ರವೇ ಹಿಗ್ಗುತ್ತದೆಂದೂ ಅದರಲ್ಲಿ ನಿರೂಪಿತವಾಗಿದೆ. ಕೋಶ ಹುಟ್ಟುವ ಕ್ಷಣದಿಂದ ಮೊದಲಾಗಿ, ತಂತು ದಾರಿ ಕಾಣುವುದು, ಕೊಂಬೆ ರೂಪುಗೊಳ್ಳುವುದು, ಕೊನೆಗೆ ಅನುಭವವು ಬೆಳೆದ ಮಿದುಳನ್ನೂ ಮತ್ತೆ ತಿದ್ದುವುದು, ಹೀಗೆ ಒಂದು ನರದ ಇಡೀ ಜೀವನಚರಿತ್ರೆಯನ್ನು ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅಧ್ಯಾಯ ಅಧ್ಯಾಯವಾಗಿ ಓದಿ ಮುಗಿಸಿದ ಬಾಳದು.

ನೊಣದಿಂದ ಮೇಲಿನ ಜೀವಿಗಳಲ್ಲಿಯೂ ಇದೇ ನೀತಿ ನಡೆಯುತ್ತದೆಯೆ ಎಂದು ಯಾರಾದರೂ ಕೇಳಬಹುದು. ಅದಕ್ಕೂ ಬೆಂಗಳೂರಿನದೇ ಉತ್ತರವುಂಟು. ನಿಮ್ಹಾನ್ಸ್ ಸಂಸ್ಥೆಯ ನರಶರೀರಶಾಸ್ತ್ರ ವಿಭಾಗದಲ್ಲಿ ಟಿ. ದೇಸಿರಾಜು, ಟಿ. ಆರ್. ರಾಜು, ಬಿ. ಎಸ್. ಶಂಕರನಾರಾಯಣ ರಾವ್ ಅವರು ಇಲಿಗಳ ನರಕೋಶಗಳ ಕೊಂಬೆಗಳನ್ನು ಅಳೆದು, ಸುಖಾನುಭವದಿಂದ ಅವು ಕವಲೊಡೆಯುತ್ತವೆಂದು 1993ರಲ್ಲಿ ತೋರಿಸಿದರು. 2002ರಲ್ಲಿ ಶಂಕರನಾರಾಯಣ ರಾವ್ ಅವರೂ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟ್ಟರ್ಜಿಯವರ ತಂಡವೂ ಕೂಡಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಿನದಿನವೂ ಕಟ್ಟಿಹಾಕಿ ಕ್ಲೇಶಕ್ಕೆ ಗುರಿಮಾಡಿದ ಇಲಿಗಳಲ್ಲಿ, ಸ್ಮೃತಿಗೆ ಆಶ್ರಯವಾದ ಹಿಪೊಕ್ಯಾಂಪಸ್ ಭಾಗದ ನರಗಳ ಕೊಂಬೆಗಳು ಕುಗ್ಗುತ್ತವೆ. ಭಯಕ್ಕೆ ಆಶ್ರಯವಾದ ಅಮಿಗ್ಡಲ ಭಾಗದ ನರಗಳ ಕೊಂಬೆಗಳು ಬೆಳೆಯುತ್ತವೆ. ಇಲಿಯ ಮೇಲಿನ ಪ್ರಯೋಗವನ್ನು ಮನುಷ್ಯನಿಗೆ ನೇರವಾಗಿ ಅನ್ವಯಿಸುವುದು ವಿವೇಕವಲ್ಲ. ಆದರೂ ಬೆತ್ತದ ಭಯದಲ್ಲಿ ಮಕ್ಕಳಿಗೆ ಪಾಠ ಒಪ್ಪಿಸಲು ಕಲಿಸುವ ಪದ್ಧತಿಯನ್ನು ಇನ್ನೂ ಸಮರ್ಥಿಸುವವರು ಈ ಫಲಿತಾಂಶದ ಮುಂದೆ ಕ್ಷಣಕಾಲ ನಿಂತು ಆಲೋಚಿಸಬೇಕೆಂದು ನನ್ನ ಅಂತಃಕರಣ ಹೇಳುತ್ತದೆ.

2024ರಲ್ಲಿ ಜಗತ್ತಿನ ನಾನಾ ದೇಶಗಳ ವಿಜ್ಞಾನಿಗಳು ಕೂಡಿ, ಬೆಳೆದ ಹಣ್ಣುನೊಣದ ಮಿದುಳಿನ 1,39,255 ನರಕೋಶಗಳನ್ನೂ ಅವುಗಳ ಪರಸ್ಪರ ಸಂಪರ್ಕಗಳನ್ನೂ ಸಮಗ್ರವಾಗಿ ನಕ್ಷೆಗಿಳಿಸಿದರು. ವೆರೋನಿಕಾ ಅವರು ಒಂದು ಕೋಶ, ಒಂದು ಗಂಟು ಎಂದು ಬಿಡಿಬಿಡಿಯಾಗಿ ಕಂಡಿದ್ದ ನಾಡು ಈಗ ಇಡಿಯಾಗಿ ಕಣ್ಮುಂದೆ ಬಂದಿದೆ. ಆದರೆ ನಕ್ಷೆಯು ಇರುವುದನ್ನು ತೋರಿಸೀತೇ ಹೊರತು ಅದು ಹೇಗೆ ಆಯಿತೆಂಬುದನ್ನು ಹೇಳಲಾರದು. ಅದನ್ನು ಹೇಳಬೇಕಾದರೆ ಗೂಡಿನೊಳಗೆ ಕೋಶ ಎಚ್ಚರಗೊಳ್ಳುವುದನ್ನು ಗಂಟೆಗಂಟೆಗೂ ಕಾದು ನೋಡಿದವರ ವಿದ್ಯೆಯೇ ಬೇಕು.

ಅವರ ಬಾಳಿನಿಂದ ನಾನು ಗ್ರಹಿಸಿದ ತತ್ತ್ವವನ್ನು ಸಂಕ್ಷೇಪವಾಗಿ ಹೇಳುವುದಾದರೆ ಇಷ್ಟು: ಮಿದುಳು ಅಚ್ಚಿನಲ್ಲಿ ಎರೆದ ವಸ್ತುವಲ್ಲ, ಬೆಳೆದ ವಸ್ತು. ವಂಶದಿಂದ ಬಂದುದು ಅದಕ್ಕೆ ಆರಂಭ. ನೆರೆಯವರ ಕರೆ, ಮುಂದೆ ನಡೆದವರ ಮಾರ್ಗ, ಹೊರಗಿನ ಅನುಭವದ ಸ್ಪರ್ಶ ಇವು ಅದಕ್ಕೆ ಪೂರ್ಣತೆ. ಆದುದರಿಂದ ಇಂಥ ಮಗು ಇಷ್ಟೇ ಆಗುವುದೆಂದು ಜಾತಿಯನ್ನೋ ಮನೆತನವನ್ನೋ ನೋಡಿ ಹಣೆಬರಹ ಬರೆಯುವ ಅಧಿಕಾರ ಯಾರಿಗೂ ಇಲ್ಲ. ಮಗುವಿನ ಸುತ್ತ ನಾವು ಯಾವ ನೆರೆಯಾಗಿರುತ್ತೇವೆ ಎಂಬ ಹೊಣೆ ಮಾತ್ರ ನಮ್ಮದು.

ಕಡೂರು, ತರೀಕೆರೆ, ಅಜ್ಜಂಪುರದ ಪ್ರೌಢಶಾಲೆಗಳ ಉಪಾಧ್ಯಾಯರಲ್ಲಿ ನನ್ನದೊಂದು ವಿಜ್ಞಾಪನೆ. ಈ ವಿದ್ಯೆಯ ಮೊದಲ ಮೆಟ್ಟಿಲನ್ನು ಹತ್ತಲು ದೊಡ್ಡ ಸಂಸ್ಥೆಯ ಹಣ ಬೇಕಿಲ್ಲ. ಗಾಜಿನ ಸೀಸೆಯೊಂದರಲ್ಲಿ ಮಾಗಿದ ಬಾಳೆಹಣ್ಣನ್ನಿಟ್ಟು, ನೊಣಗಳು ಬಂದ ಮೇಲೆ ಬಾಯಿಗೆ ಹತ್ತಿಯನ್ನು ತುರುಕಿ, ಒಂದು ಭೂತಗನ್ನಡಿಯನ್ನು ಮಕ್ಕಳ ಕೈಗೆ ಕೊಡಿರಿ. ಮೊಟ್ಟೆ, ಹುಳು, ಗೂಡು, ನೊಣ ಎಂಬ ನಾಲ್ಕು ಅವಸ್ಥೆಗಳನ್ನೂ ಅವರು ತಮ್ಮ ಕಣ್ಣಿನಿಂದಲೇ ಕಂಡು ದಿನದಿನವೂ ಬರೆದಿಡಲಿ. ಹುಳುವಿನ ಮಿದುಳು ನೊಣದ ಮಿದುಳಾಗುವುದು ಹೇಗೆಂದು ಅವರಲ್ಲಿ ಒಬ್ಬಳು ಹುಡುಗಿ ಕೇಳಿದರೆ, ಆ ಪ್ರಶ್ನೆಯನ್ನು ಮದುವೆಯ ಮಾತಿನಿಂದಲೂ ಪರೀಕ್ಷೆಯ ಅಂಕಗಳಿಂದಲೂ ಮುಚ್ಚಿಬಿಡದೆ, ಅದು ಕರೆದೊಯ್ಯುವಷ್ಟು ದೂರ ಅವಳನ್ನು ಹೋಗಗೊಡಿರಿ. ಅದು ಬೆಂಗಳೂರಾಗಲಿ, ಟ್ಯೂಬಿಂಗೆನ್ ಆಗಲಿ. ವೆರೋನಿಕಾ ರೊಡ್ರಿಗಸ್ ಅವರಿಗೆ ನಮ್ಮ ನಾಡು ಸಲ್ಲಿಸಬಹುದಾದ ಗೌರವಗಳಲ್ಲಿ ಇದಕ್ಕಿಂತ ಯೋಗ್ಯವಾದುದನ್ನು ನಾನು ಕಾಣೆ.